ಸುದ್ದಿ ಬಂದಾಗ ಸ್ವಲ್ಪ ನಿಲ್ಲೋಣ

(ಜುಮಾ ಪ್ರವಚನದ ಸಾರ)

 



ಮೂರು ಶುಕ್ರವಾರಗಳ ಹಿಂದೆ ಇದೇ ಮಿಂಬರಿನ ಬಳಿ ನಿಂತು ನಾವು ಒಂದು ಸುದ್ದಿ ಹೇಳಿದ್ದೆವು. ದೂರದ ಒಂದು ದೇಶದಲ್ಲಿ ನಡೆದ ಬಾಂಬ್ ದಾಳಿ, ಅವಶೇಷದಡಿ ಸಿಕ್ಕಿಕೊಂಡ ಮಗು, ಅದನ್ನು ಎತ್ತಿಕೊಂಡು ಓಡುತ್ತಿರುವ ತಂದೆ. ಮೊಬೈಲಿನಲ್ಲಿ ನೋಡಿದ್ದನ್ನೇ ನಾವು ಇಲ್ಲಿ ವಿವರಿಸಿದೆವು. ನಿಮ್ಮಲ್ಲಿ ಹಲವರು ಕಣ್ಣೀರು ಹಾಕಿದಿರಿ. ನಮಾಝಿನ ಬಳಿಕ ಬಾಗಿಲ ಹತ್ತಿರ ಇಟ್ಟ ಡಬ್ಬಿಗೆ ಹಣವನ್ನೂ ಹಾಕಿದಿರಿ.

ಅದೇ ದಿನ ಅಸರ್ ನಮಾಝಿನ ಬಳಿಕ ಕಾಲೇಜಿಗೆ ಹೋಗುವ ಒಬ್ಬ ಹುಡುಗ ನಮ್ಮ ಕೋಣೆಗೆ ಬಂದ. ಬಾಗಿಲಲ್ಲೇ ನಿಂತು, "ಉಸ್ತಾದ್, ಬೇಸರ ಮಾಡಬಾರದು, ಒಂದು ತೋರಿಸ್ಲಿಕ್ಕುಂಟು" ಅಂದ. ಅವನ ಮೊಬೈಲಿನಲ್ಲಿ ಅದೇ ವಿಡಿಯೋ ಇತ್ತು. ಆದರೆ ಅದು ಏಳು ವರ್ಷ ಹಿಂದಿನದು, ಬೇರೆ ದೇಶದ್ದು. ಆ ಮಗುವಿನ ಮನೆಯ ಮೇಲೆ ಬಾಂಬ್ ಹಾಕಿದವರೂ ನಾವು ಅಂದು ಬೈದವರಲ್ಲ, ನಾವು ಅಂದು ಹೊಗಳಿದವರ ಮಿತ್ರರು. ಹುಡುಗ ಹೋದ ಮೇಲೆ ನಾವು ಬಹಳ ಹೊತ್ತು ಕುಳಿತೇ ಇದ್ದೆವು. ಮಗುವಿನ ನೋವು ಸುಳ್ಳಲ್ಲ, ತಂದೆಯ ಓಟ ಸುಳ್ಳಲ್ಲ, ನಾವು ಹೇಳಿದ ಕಥೆ ಮಾತ್ರ ಸುಳ್ಳು. ತಪ್ಪು ನಮ್ಮದು. ಅಲ್ಲಾಹನಲ್ಲಿ ಕ್ಷಮೆ ಕೇಳಿದ್ದೇವೆ, ನಿಮ್ಮಲ್ಲೂ ಕೇಳುತ್ತಿದ್ದೇವೆ. ಇಷ್ಟು ದಿನ ತಡ ಮಾಡಿದ್ದಕ್ಕೆ ಕಾರಣ ನಾಚಿಕೆ, ಬೇರೇನೂ ಅಲ್ಲ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತ ನಿಮಗೆಲ್ಲ ಗೊತ್ತು. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಬೇಕು, ಇಲ್ಲವಾದರೆ ತಿಳಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಅದರ ಆಶಯ. ಇದನ್ನು ಎಷ್ಟೋ ಸಲ ಓದಿದ್ದೇವೆ, ಮಕ್ಕಳಿಗೆ ಕಲಿಸಿದ್ದೇವೆ. ಆದರೆ ಅದು ಅವತೀರ್ಣವಾದ ಸಂದರ್ಭದಲ್ಲಿ ನಾವು ಇಷ್ಟು ಕಾಲ ಗಮನಿಸದೇ ಹೋದ ಒಂದು ಸಂಗತಿ ಇದೆ.

ತಫ್ಸೀರ್ ಗ್ರಂಥಗಳು ಹೇಳುವ ಪ್ರಕಾರ ಬನೂ ಮುಸ್ತಲಿಕ್ ಗೋತ್ರದವರಿಂದ ಝಕಾತ್ ಸಂಗ್ರಹಿಸಿ ತರಲು ಪ್ರವಾದಿ(ಸ)ರು ಒಬ್ಬರನ್ನು ಕಳುಹಿಸಿದರು. (ಹೆಸರು ಗ್ರಂಥಗಳಲ್ಲಿದೆ, ಅದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯೂ ಇದೆ, ಇಲ್ಲಿ ಬೇಡ.) ಅಜ್ಞಾನ ಕಾಲದಲ್ಲಿ ಅವರಿಗೂ ಆ ಗೋತ್ರಕ್ಕೂ ಹಗೆತನವಿತ್ತು. ಪ್ರವಾದಿ(ಸ)ರ ಪ್ರತಿನಿಧಿ ಬರುತ್ತಿದ್ದಾರೆಂದು ತಿಳಿದು ಆ ಜನ ಸ್ವಾಗತಿಸಲು ಗುಂಪಾಗಿ ಊರ ಹೊರಗೆ ಬಂದರು. ಇವರು ದೂರದಿಂದ ಗುಂಪನ್ನು ಕಂಡರು, ಕೊಲ್ಲಲು ಬರುತ್ತಿದ್ದಾರೆಂದು ಹೆದರಿ ಅಲ್ಲಿಂದಲೇ ಹಿಂದಿರುಗಿದರು. ಮದೀನಕ್ಕೆ ಬಂದು, ಅವರು ಝಕಾತ್ ನಿರಾಕರಿಸಿದರು, ನನ್ನನ್ನು ಕೊಲ್ಲಲು ಬಂದರು ಎಂದು ವರದಿ ಮಾಡಿದರು. ಒಂದು ಯುದ್ಧವೇ ನಡೆದುಹೋಗುವುದರಲ್ಲಿತ್ತು.

ನೋಡಿ, ಅವರು ಕಂಡದ್ದು ನಿಜ. ಜನ ಗುಂಪಾಗಿ ಬಂದದ್ದು ನಿಜ. ಯಾರಾದರೂ ಅಂದು ವಿಡಿಯೋ ತೆಗೆದಿದ್ದರೆ ಆ ವಿಡಿಯೋವೂ ನಿಜವೇ ಆಗಿರುತ್ತಿತ್ತು. ಆ ಗುಂಪು ಏಕೆ ಬಂತು ಎಂಬ ಕಥೆ ಮಾತ್ರ ಸುಳ್ಳಾಗಿತ್ತು. ನಮ್ಮ ಕಾಲದ ಬಲಿಷ್ಠ ರಾಷ್ಟ್ರಗಳು ನಡೆಸುವ ಪ್ರಚಾರದ ಬೇರೂ ಇದೇ. ಬರೀ ಸುಳ್ಳನ್ನು ಜನ ಬೇಗ ಹಿಡಿದುಬಿಡುತ್ತಾರೆ. ಅವರು ನಿಜ ಘಟನೆಗಳನ್ನು ಆರಿಸಿ, ಬೇಡದ್ದನ್ನು ಬಿಟ್ಟು, ತಮಗೆ ಬೇಕಾದ ಕಥೆಗೆ ಪೋಣಿಸುತ್ತಾರೆ. ಆ ಕಥೆಯಲ್ಲಿ ತಾವು ರಕ್ಷಕರು, ಎದುರಾಳಿ ರಾಕ್ಷಸ, ಕೇಳುವವರಾದ ನಾವು ಇನ್ನೇನು ಅವರ ಹಿಂದೆ ನಡೆಯಬೇಕಾದ ಸೈನ್ಯ.

ಇದು ವಾಟ್ಸಾಪ್ ಬಂದ ಮೇಲೆ ಶುರುವಾದದ್ದಲ್ಲ. ನೂರು ವರ್ಷಕ್ಕೂ ಹಿಂದೆ ನಮ್ಮ ಸಮುದಾಯದ ಮೇಲೆಯೇ ನಡೆದ ಒಂದು ಪ್ರಯೋಗವನ್ನು ಇವತ್ತು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇವೆ.

1898ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಇಸ್ತಾಂಬುಲ್, ಜೆರುಸಲೇಮ್, ದಮಾಸ್ಕಸ್ ಪ್ರವಾಸ ಮಾಡಿದ. ದಮಾಸ್ಕಸ್ಸಿನಲ್ಲಿ ಸಲಾಹುದ್ದೀನ್ ಅಯ್ಯೂಬಿಯವರ ಸಮಾಧಿಗೆ ಗೌರವ ಸಲ್ಲಿಸಿ, ಜಗತ್ತಿನ ಮೂವತ್ತು ಕೋಟಿ ಮುಸ್ಲಿಮರಿಗೆ ತಾನು ಸದಾ ಮಿತ್ರ ಎಂದು ಭಾಷಣ ಮಾಡಿದ. ಸಮಾಧಿಗೆ ಕಂಚಿನ ಹಾರ ಅರ್ಪಿಸಿದ. ಜನ ಮರುಳಾದರು. ಅವನನ್ನು ಹಾಜಿ ವಿಲ್ಹೆಲ್ಮ್ ಎಂದು ಕರೆಯುವಲ್ಲಿಗೆ ವದಂತಿ ಹೋಯಿತು. ಆದರೆ ಆಗ ಪೂರ್ವ ಆಫ್ರಿಕದಲ್ಲಿ ಜರ್ಮನಿಯ ಆಳ್ವಿಕೆಯಡಿ ಮುಸ್ಲಿಮರೂ ಇದ್ದರು. 1905ರಿಂದ 1907ರವರೆಗೆ ಅಲ್ಲಿಯ ಜನ ದಂಗೆ ಎದ್ದಾಗ ಜರ್ಮನ್ ಸೈನ್ಯ ಬೆಳೆ ಸುಟ್ಟು, ಊರೂರನ್ನೇ ಹಸಿವಿನಿಂದ ಸಾಯಿಸಿತು. ಮೂವತ್ತು ಕೋಟಿಯ ಲೆಕ್ಕದಲ್ಲಿ ಆ ಮುಸ್ಲಿಮರು ಬಂದರೋ ಇಲ್ಲವೋ!

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಕೊಲೋನಿನ ಶ್ರೀಮಂತ ಬ್ಯಾಂಕರ್ ಮನೆತನದ ಮಾಕ್ಸ್ ಫಾನ್ ಓಪನ್‌ಹೈಮ್ ಎಂಬವರು ಕೈರೋದಲ್ಲಿ ವರ್ಷಗಟ್ಟಲೆ ಇದ್ದವರು, ಅರಬಿ ಬಲ್ಲವರು. ಬ್ರಿಟನ್, ಫ್ರಾನ್ಸ್, ರಶ್ಯಾಗಳ ಅಧೀನದಲ್ಲಿದ್ದ ಮುಸ್ಲಿಮರನ್ನು ಹೇಗೆ ದಂಗೆ ಎಬ್ಬಿಸಬೇಕೆಂದು ಅವರು ಜರ್ಮನ್ ಸರಕಾರಕ್ಕೆ ಒಂದು ದೀರ್ಘ ಯೋಜನೆ ಬರೆದುಕೊಟ್ಟರು. ಬರ್ಲಿನ್ನಿನಲ್ಲಿ ಅದಕ್ಕೊಂದು ಕಚೇರಿಯೇ ತೆರೆಯಿತು. ನವೆಂಬರ್ 14ರಂದು ಇಸ್ತಾಂಬುಲಿನ ಫಾತಿಹ್ ಮಸೀದಿಯಲ್ಲಿ ಜಿಹಾದಿನ ಫತ್ವಾ ಓದಲಾಯಿತು. ಬ್ರಿಟಿಷರ, ಫ್ರೆಂಚರ, ರಶ್ಯನ್ನರ ವಿರುದ್ಧ ಹೋರಾಡುವುದು ಕಡ್ಡಾಯ, ಜರ್ಮನಿ ಮತ್ತು ಆಸ್ಟ್ರಿಯಾ ವಿರುದ್ಧ ಹೋರಾಡುವುದು ಮಹಾಪಾಪ ಎಂಬುದು ಅದರ ಸಾರಾಂಶ. ಫಿಕ್ಹ್ ಓದಿದ ನಮಗೆ ಇದನ್ನು ಮೊದಲ ಸಲ ತಿಳಿದಾಗ ವಿಚಿತ್ರವೆನಿಸಿತ್ತು. ಒಬ್ಬ ಕ್ರೈಸ್ತ ದೊರೆಯ ವಿರುದ್ಧ ಫರ್ಝ್, ಅವನ ಪಕ್ಕದ ಇನ್ನೊಬ್ಬ ಕ್ರೈಸ್ತ ದೊರೆಯ ವಿರುದ್ಧ ಹರಾಮ್! ಫತ್ವಾದ ಭಾಷೆ ಶರೀಅತ್ತಿನದು, ಗಡಿಗೆರೆ ಮಾತ್ರ ಮಿಲಿಟರಿ ಒಪ್ಪಂದದ್ದು.

ಬರ್ಲಿನ್ ಹತ್ತಿರದ ವ್ಯೂನ್ಸ್‌ಡೋರ್ಫಿನಲ್ಲಿ ಮುಸ್ಲಿಂ ಯುದ್ಧ ಕೈದಿಗಳಿಗಾಗಿ 'ಅರ್ಧಚಂದ್ರ ಶಿಬಿರ' ಎಂಬ ಪ್ರತ್ಯೇಕ ಶಿಬಿರ ಕಟ್ಟಿದರು. 1915ರ ಜುಲೈಯಲ್ಲಿ, ರಮಝಾನ್ ಹೊತ್ತಿಗೆ, ಅಲ್ಲಿ ಗುಂಬಜ್, ಮಿನಾರ ಸಹಿತವಾದ ಮರದ ಮಸೀದಿ ಉದ್ಘಾಟನೆಯಾಯಿತು. ಜರ್ಮನ್ ನೆಲದ ಮೊದಲ ಮಸೀದಿ ಅದು. ಕೈದಿಗಳಿಗಾಗಿ 'ಅಲ್ ಜಿಹಾದ್' ಎಂಬ ಪತ್ರಿಕೆ, ಭಾರತೀಯರಿಗಾಗಿ ಉರ್ದು ಮತ್ತು ಹಿಂದಿಯಲ್ಲಿ 'ಹಿಂದೋಸ್ತಾನ್' ಎಂಬ ಪತ್ರಿಕೆ. ನಮಾಝಿಗೆ ವ್ಯವಸ್ಥೆ, ಹಬ್ಬಕ್ಕೆ ವ್ಯವಸ್ಥೆ. ಎಲ್ಲದರ ಉದ್ದೇಶ ಒಂದೇ, ಅವರನ್ನು ತಿರುಗಿಸಿ ಯುದ್ಧಕ್ಕೆ ಕಳುಹಿಸುವುದು. ಯುದ್ಧ ಸೋತ ಕೆಲವೇ ವರ್ಷಗಳಲ್ಲಿ ಆ ಮಸೀದಿ ಶಿಥಿಲಗೊಂಡು ನೆಲಸಮವಾಯಿತು. ಉಪಯೋಗ ಮುಗಿದಿತ್ತು.

ಇದನ್ನು ಆಗಲೇ ಬಯಲು ಮಾಡಿದವರೂ ಇದ್ದರು. ಹಾಲೆಂಡಿನ ವಿದ್ವಾಂಸ ಸ್ನೂಕ್ ಹುರ್ಗ್ರೋನ್ಯೆ 1915ರಲ್ಲೇ, ಇದು ಜರ್ಮನಿಯಲ್ಲಿ ತಯಾರಾದ ಪವಿತ್ರ ಯುದ್ಧ ಎಂದು ಬರೆದರು. ಮಾತು ಸರಿಯಾದದ್ದೇ. ಆದರೆ ಬರೆದವರು ಯಾರು? ಅಬ್ದುಲ್ ಗಫ್ಫಾರ್ ಎಂಬ ಹೆಸರಿಟ್ಟುಕೊಂಡು ಮಕ್ಕಾದಲ್ಲಿ ಇದ್ದು ಬಂದು, ಅಚೆಯ ಮುಸ್ಲಿಮರನ್ನು ಹೇಗೆ ಮಣಿಸಬೇಕೆಂದು ಡಚ್ ಸರಕಾರಕ್ಕೆ ಸಲಹೆ ಕೊಟ್ಟವರು. ಎದುರಾಳಿಯ ಪ್ರಚಾರವನ್ನು ಪ್ರಚಾರವೆಂದು ಗುರುತಿಸುವುದು ಸುಲಭ.

ಬ್ರಿಟಿಷರು ಸುಮ್ಮನಿರಲಿಲ್ಲ. ಆಗ ಬ್ರಿಟಿಷ್ ಚಕ್ರವರ್ತಿಯ ಅಧೀನದಲ್ಲಿದ್ದಷ್ಟು ಮುಸ್ಲಿಮರು ತುರ್ಕಿ ಸುಲ್ತಾನರ ಅಧೀನದಲ್ಲೂ ಇರಲಿಲ್ಲ. ಆದ್ದರಿಂದ ಹರಮೈನ್ ಮತ್ತು ಜಿದ್ದಾ ಬಂದರಿನ ಮೇಲೆ ತಾವು ದಾಳಿ ಮಾಡುವುದಿಲ್ಲ ಎಂದು ನವೆಂಬರ್ ಆರಂಭದಲ್ಲೇ ಭಾರತದಲ್ಲಿ ಪ್ರಕಟಣೆ ಹೊರಡಿಸಿದರು. ಹೈದರಾಬಾದಿನ ನಿಝಾಮ್ ಮೀರ್ ಉಸ್ಮಾನ್ ಅಲಿ ಖಾನ್, ಮುಸ್ಲಿಮರು ಬ್ರಿಟಿಷರಿಗೆ ನಿಷ್ಠರಾಗಿರಬೇಕೆಂದು ಘೋಷಿಸಿದರು. ಇಂದಿನ ಬೀದರ್, ಕಲಬುರಗಿ, ರಾಯಚೂರು ಆಗ ಅವರ ಆಳ್ವಿಕೆಯಲ್ಲಿದ್ದವು, ಆ ಘೋಷಣೆ ಅಲ್ಲಿಯ ನಮ್ಮ ಹಿರಿಯರಿಗೂ ತಲುಪಿರುತ್ತದೆ. ಲಂಡನ್ನಿನಲ್ಲಿ ವೆಲ್ಲಿಂಗ್ಟನ್ ಹೌಸ್ ಎಂಬ ಕಟ್ಟಡದಲ್ಲಿ ಗುಟ್ಟಾಗಿ ಪ್ರಚಾರ ಕಚೇರಿ ನಡೆಯುತ್ತಿತ್ತು. ಅಲ್ಲಿಂದ ಅರಬಿ, ತುರ್ಕಿ, ಫಾರ್ಸಿ, ಉರ್ದು ಓದುಗರಿಗೆ ಚಿತ್ರಗಳ ಸಹಿತ ಒಂದು ಪತ್ರಿಕೆ ಹೊರಡುತ್ತಿತ್ತು. ಅದರ ಹೆಸರು 'ಅಲ್ ಹಕೀಕತ್'. ಭಾರತದ ಭಾಷೆಗಳಿಗೆ ಹೊರಟ ಇನ್ನೊಂದರ ಹೆಸರು 'ಸತ್ಯವಾಣಿ'. ಹೆಸರಿನಲ್ಲೇ ಸತ್ಯವೆಂದು ಇಟ್ಟುಕೊಂಡವರ ಬಗ್ಗೆ ಸ್ವಲ್ಪ ಹೆಚ್ಚೇ ಜಾಗ್ರತೆ ಬೇಕೆಂದು ನಮಗನಿಸುತ್ತದೆ.

ಇವರ ಜಿಹಾದ್ ಕಥೆಗೆ ಅವರ ಉತ್ತರ ಅರಬ್ ಖಿಲಾಫತ್ತಿನ ಕಥೆ. ಖಿಲಾಫತ್ ಅರಬರ ಹಕ್ಕು, ತುರ್ಕಿಯ ಯುವ ನಾಯಕರು ದೀನ್ ಬಿಟ್ಟವರು ಎಂಬ ಮಾತನ್ನು ಮಕ್ಕಾದ ಶರೀಫ್ ಹುಸೈನರ ಕಿವಿಗೆ ಹಾಕಿದರು. ಕೈರೋದಿಂದ ಪತ್ರಗಳು ಹೋದವು, ಸ್ವತಂತ್ರ ಅರಬ್ ರಾಜ್ಯದ ಭರವಸೆ ಹೋಯಿತು, ಚಿನ್ನದ ನಾಣ್ಯವೂ ಹೋಯಿತು. 1916ರ ಜೂನ್‌ನಲ್ಲಿ ಶರೀಫರು ದಂಗೆ ಎದ್ದರು. ಪವಿತ್ರ ಮಕ್ಕಾ ನಗರದಲ್ಲೇ ಮುಸ್ಲಿಮರು ಮುಸ್ಲಿಮರ ಮೇಲೆ ಗುಂಡು ಹಾರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಗುಟ್ಟಾಗಿ ಕುಳಿತು ಅರಬ್ ನಾಡನ್ನು ತಮ್ಮೊಳಗೆ ಹಂಚಿಕೊಂಡು ಆಗಿತ್ತು. ಮರುವರ್ಷ ನವೆಂಬರ್ 2ರಂದು ಫೆಲೆಸ್ತೀನಿನಲ್ಲಿ ಯಹೂದ್ಯರಿಗೆ ರಾಷ್ಟ್ರೀಯ ನೆಲೆ ಒದಗಿಸುವ ಬಾಲ್ಫೋರ್ ಘೋಷಣೆಯೂ ಹೊರಬಿತ್ತು. ಒಂದೇ ನೆಲ, ಮೂವರಿಗೆ ಮೂರು ಮಾತು.

ಈ ಕಥೆಗಳ ನಡುವೆ ಸಾಮಾನ್ಯ ಮನುಷ್ಯನ ಗತಿ ಏನಾಯಿತೆಂದು ನೋಡಿ. 1915ರ ಫೆಬ್ರವರಿ 15ರಂದು ಸಿಂಗಾಪುರದಲ್ಲಿ ಬ್ರಿಟಿಷ್ ಸೇನೆಯ ಐದನೇ ಲೈಟ್ ಇನ್‌ಫೆಂಟ್ರಿಯ ಮುಸ್ಲಿಂ ಸಿಪಾಯಿಗಳು ದಂಗೆ ಎದ್ದರು. ಉತ್ತರ ಭಾರತದ ಹಳ್ಳಿಗಳ ರೈತರ ಮಕ್ಕಳು. ತಮ್ಮನ್ನು ತುರ್ಕಿ ಖಲೀಫರ ವಿರುದ್ಧ ಯುದ್ಧಕ್ಕೆ ಕಳುಹಿಸುತ್ತಾರೆಂಬ ಸುದ್ದಿ ಬ್ಯಾರಕ್ಕಿನಲ್ಲಿ ಹರಡಿತ್ತು. ಅವರು ಕಾವಲು ಕಾಯುತ್ತಿದ್ದ ಜರ್ಮನ್ ಕೈದಿಗಳೂ ಅವರ ಕಿವಿಯೂದಿದ್ದರು. ನಿಜವಾಗಿ ಆ ತುಕಡಿಗೆ ಬಂದಿದ್ದ ಆಜ್ಞೆ ಹಾಂಕಾಂಗಿಗೆ ಹೋಗಬೇಕೆಂದು. ದಂಗೆ ಅಡಗಿದ ಮೇಲೆ 47 ಮಂದಿಯನ್ನು ಜೈಲಿನ ಗೋಡೆಯ ಹೊರಗೆ, ಸಾವಿರಾರು ಜನರೆದುರು ನಿಲ್ಲಿಸಿ ಗುಂಡಿಟ್ಟು ಕೊಂದರು. ಬ್ರಿಟಿಷರ ಬಗ್ಗೆ ಅವರಿಗಿದ್ದ ಸಿಟ್ಟಿಗೆ ಕಾರಣಗಳು ಇರಲಿಲ್ಲವೆಂದಲ್ಲ, ಇದ್ದವು. ಆದರೆ ಬರ್ಲಿನ್ನಿನ ಕಚೇರಿಯಲ್ಲಿ ಕುಳಿತು ಯೋಜನೆ ಬರೆದವರಿಗೆ ಒಂದು ಗೀರು ಕೂಡ ಆಗಲಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಮೈಸೂರು ಸಂಸ್ಥಾನದ ಲ್ಯಾನ್ಸರ್ ಕುದುರೆ ಪಡೆ ಸುಯೆಜ್ ಕಾಲುವೆ ಕಾಯಲು ಹೋಯಿತು, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ನಗರವನ್ನು ತುರ್ಕರಿಂದ ವಶಪಡಿಸಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ, ಆ ಕಡೆ ಹೋದವರು ನೋಡಿರಬಹುದು. ಆ ಪಡೆಯಲ್ಲಿ ಮುಸ್ಲಿಂ ಸವಾರರೂ ಇದ್ದರು. ಒಂದು ಕಡೆ ಖಲೀಫರ ಫತ್ವಾ, ಇನ್ನೊಂದು ಕಡೆ ತಾವು ಉಪ್ಪು ತಿಂದ ಮಹಾರಾಜರ ಆಜ್ಞೆ. ಆ ಸವಾರರು ರಾತ್ರಿ ಇಶಾ ನಮಾಝಿನ ಬಳಿಕ ಏನು ಮಾತಾಡಿಕೊಂಡಿರಬಹುದು ಎಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು. ಅವರನ್ನು ತೀರ್ಪು ಮಾಡಲು ನಾವು ಯಾರು?

ಸಲಾಹುದ್ದೀನರ ಸಮಾಧಿಯ ಆ ಕಂಚಿನ ಹಾರವನ್ನು 1918ರಲ್ಲಿ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ತೆಗೆದುಕೊಂಡು ಹೋದರು. ಅದು ಈಗ ಲಂಡನ್ನಿನ ಯುದ್ಧ ಮ್ಯೂಸಿಯಮ್ಮಿನಲ್ಲಿದೆ. ಸಮಾಧಿಗೆ ಹಾರ ಹಾಕಿದವರೂ ಅದನ್ನು ಕಿತ್ತವರೂ ಮುಸ್ಲಿಮರ ಮಿತ್ರರೇ!

ಮೂರನೆಯವರೂ ಬಂದರು. 1917ರ ಕೊನೆಯಲ್ಲಿ ರಶ್ಯಾದಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕರು ಝಾರ್ ದೊರೆಯ ಕಡತಗಳಲ್ಲಿದ್ದ ಗುಪ್ತ ಒಪ್ಪಂದಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಿಬಿಟ್ಟರು. ಅರಬ್ ನಾಡು ಹಂಚಿಕೆಯಾದದ್ದು ಜಗತ್ತಿಗೆ ತಿಳಿದದ್ದು ಹಾಗೆ. ಅದು ಸತ್ಯ, ದೊಡ್ಡ ಉಪಕಾರ. ಜೊತೆಗೇ ಪೂರ್ವ ದೇಶಗಳ ಮುಸ್ಲಿಮರಿಗೆ ಒಂದು ಮನವಿ ಹೊರಡಿಸಿ, ನಿಮ್ಮ ಧರ್ಮ, ನಿಮ್ಮ ಆಚಾರಗಳು ಇನ್ನು ಸ್ವತಂತ್ರ ಎಂದರು. ಹಝ್ರತ್ ಉಸ್ಮಾನ್(ರ)ರದ್ದೆಂದು ಹೇಳಲಾಗುವ, ಝಾರನ ಸೈನ್ಯ ಸಮರ್‌ಕಂದಿನಿಂದ ಒಯ್ದಿದ್ದ ಕುರ್‌ಆನ್ ಪ್ರತಿಯನ್ನು ಮುಸ್ಲಿಮರಿಗೆ ಹಿಂದಿರುಗಿಸಿದರು. 1920ರ ಸೆಪ್ಟೆಂಬರಿನಲ್ಲಿ ಬಾಕುವಿನಲ್ಲಿ ದೊಡ್ಡ ಸಮ್ಮೇಳನ ಸೇರಿತು. ದೇವರನ್ನೇ ನಂಬದ ಝಿನೋವಿಯೆವ್ ವೇದಿಕೆಯ ಮೇಲೆ ನಿಂತು ಬ್ರಿಟಿಷ್ ಸಾಮ್ರಾಜ್ಯದ ವಿರುದ್ಧ ಪವಿತ್ರ ಯುದ್ಧಕ್ಕೆ ಕರೆಕೊಟ್ಟರು. ಸಭೆಯಲ್ಲಿದ್ದವರು ಎದ್ದು ಕತ್ತಿ ಝಳಪಿಸಿದರು. ಆರು ತಿಂಗಳು ಕಳೆದು 1921ರ ಮಾರ್ಚ್‌ನಲ್ಲಿ ಬ್ರಿಟನ್ ಮತ್ತು ರಶ್ಯಾ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಏಶ್ಯಾದಲ್ಲಿ ಬ್ರಿಟಿಷರ ವಿರುದ್ಧ ಪ್ರಚಾರ ಮಾಡುವುದಿಲ್ಲ ಎಂಬುದು ಅದರ ಒಂದು ಶರತ್ತು. ಪವಿತ್ರ ಯುದ್ಧದ ಆಯುಷ್ಯ ಆರು ತಿಂಗಳು! ಆ ದಶಕ ಮುಗಿಯುವುದರೊಳಗೆ ಮಧ್ಯ ಏಶ್ಯಾದ ಮಸೀದಿಗಳಿಗೆ ಬೀಗ ಬೀಳತೊಡಗಿತು, ಮಕ್ಕಳು ಕಲಿಯುವ ಅರಬಿ ಲಿಪಿಯನ್ನೇ ಬದಲಾಯಿಸಲಾಯಿತು.

ಸಹೋದರರೇ, ಇವೆಲ್ಲ ಹಳೆಯ ಕಾಲದ್ದು ಅನ್ನಬೇಡಿ. ನಮ್ಮ ಕಣ್ಣೆದುರಿನದನ್ನೂ ಹೇಳುತ್ತೇವೆ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನರ ಸೈನ್ಯ ಕುವೈತಿಗೆ ನುಗ್ಗಿದಾಗ ನಾವಿನ್ನೂ ಮದ್ರಸಕ್ಕೆ ಹೋಗುವ ಹುಡುಗರು. ನಮ್ಮ ಚಿಕ್ಕಪ್ಪ ಕುವೈತಿನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ಭಾರತ ಸರಕಾರ ಜೋರ್ಡಾನಿನ ಅಮ್ಮಾನಿನಿಂದ ವಿಮಾನದಲ್ಲಿ ಕರೆತಂದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಅವರೂ ಒಬ್ಬರು. ಕೈಯಲ್ಲಿ ಒಂದು ಬ್ಯಾಗ್ ಇತ್ತು, ಅಷ್ಟೇ. ಊರಿಗೆ ಬಂದು ನೋಡುತ್ತಾರೆ, ಚಾ ಹೋಟೆಲಿನ ಗೋಡೆಯಲ್ಲಿ ಸದ್ದಾಮರ ಫೋಟೋ! ಕ್ಷೌರದಂಗಡಿಯಲ್ಲೂ ಫೋಟೋ. ಆ ವರ್ಷ ಹುಟ್ಟಿದ ಎಷ್ಟೋ ಗಂಡುಮಕ್ಕಳಿಗೆ ಆ ಹೆಸರನ್ನೇ ಇಟ್ಟರು. ಹೋಟೆಲಿನಲ್ಲಿ ಯಾರೋ ಚಿಕ್ಕಪ್ಪನಿಗೆ, "ನೋಡಿದಿರಾ, ಗಂಡಸು ಅಂದರೆ ಅವನು" ಅಂದರಂತೆ. ಚಿಕ್ಕಪ್ಪ ಚಾ ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಆಮೇಲೆ ಆ ಹೋಟೆಲಿಗೆ ಅವರು ಕಾಲಿಡಲಿಲ್ಲ.

ಆ ಸಮಯದಲ್ಲಿ ಎರಡು ಕಥೆಗಳು ನಡೆಯುತ್ತಿದ್ದವು. ಅಮೆರಿಕದ ಕಥೆಯಲ್ಲಿ ಪುಟ್ಟ ರಾಷ್ಟ್ರವೊಂದನ್ನು ರಾಕ್ಷಸನ ಬಾಯಿಂದ ಬಿಡಿಸುವ ಕೆಲಸವಿತ್ತು. ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಸಂಸದರೆದುರು ಅಳುತ್ತಾ, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರಿನಿಂದ ಹಸುಗೂಸುಗಳನ್ನು ತೆಗೆದು ನೆಲದಲ್ಲಿ ಸಾಯಲು ಬಿಟ್ಟರು ಎಂದಳು. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಹೇಳಿದರು. ಜನವರಿಯಲ್ಲಿ ಸೆನೆಟ್ 52-47 ಮತಗಳಿಂದ ಯುದ್ಧಕ್ಕೆ ಒಪ್ಪಿತು. ಯುದ್ಧ ಮುಗಿದ ಮೇಲೆ, 1992ರಲ್ಲಿ ಹೊರಬಂತು: ಆಕೆ ಅಮೆರಿಕದಲ್ಲಿನ ಕುವೈತ್ ರಾಯಭಾರಿಯ ಮಗಳು, ಆ ಸಾಕ್ಷ್ಯದ ಹಿಂದೆ ದೊಡ್ಡ ಪ್ರಚಾರ ಕಂಪನಿಯೊಂದು ಕೆಲಸ ಮಾಡಿತ್ತು, ಇನ್‌ಕ್ಯುಬೇಟರ್ ಕಥೆಗೆ ಆಧಾರ ಸಿಗಲಿಲ್ಲ.

ಸದ್ದಾಮರ ಕಥೆಯಲ್ಲಿ ಅವರು ಫೆಲೆಸ್ತೀನಿನ ವಿಮೋಚಕರು. ಜೀವನಪೂರ್ತಿ ಜಾತ್ಯತೀತ ಬಾಥ್ ಪಕ್ಷ ನಡೆಸಿದವರು, 1991ರ ಜನವರಿಯಲ್ಲಿ, ಬಾಂಬ್ ಬೀಳುವ ಮುನ್ನ, ಇರಾಕಿನ ಧ್ವಜದ ಮೇಲೆ 'ಅಲ್ಲಾಹು ಅಕ್ಬರ್' ಎಂದು ಬರೆಸಿದರು. ಅದೇ ತಿಂಗಳು ಮಕ್ಕಾದಲ್ಲಿ ಒಂದು ಇಸ್ಲಾಮಿ ಸಮ್ಮೇಳನ, ಬಗ್ದಾದಿನಲ್ಲಿ ಇನ್ನೊಂದು ಇಸ್ಲಾಮಿ ಸಮ್ಮೇಳನ ನಡೆಯಿತು. ಎರಡರಲ್ಲೂ ಉಲಮಾಗಳಿದ್ದರು, ಎರಡರಲ್ಲೂ ಕುರ್‌ಆನ್ ಪಠಣವಾಯಿತು, ತೀರ್ಮಾನ ಮಾತ್ರ ತದ್ವಿರುದ್ಧ.

ಇಲ್ಲಿ ನಮ್ಮನ್ನು ಚುಚ್ಚುವುದು ಬೇರೆ ವಿಷಯ. 1988ರ ಮಾರ್ಚ್ 16ರಂದು ಇದೇ ಸದ್ದಾಂ ಹಲಬ್ಜಾ ಎಂಬ ಊರಿನ ಮೇಲೆ ವಿಷಾನಿಲ ಸುರಿದು ಸುಮಾರು ಐದು ಸಾವಿರ ಕುರ್ದ್ ಜನರನ್ನು ಕೊಂದಿದ್ದರು. ಕಲಿಮಾ ಹೇಳುವ ಜನ, ತಾಯಂದಿರು, ಮಕ್ಕಳು. ಆಗ ಸದ್ದಾಂ ಇರಾನಿನ ವಿರುದ್ಧ ಉಪಯೋಗಕ್ಕೆ ಬರುತ್ತಿದ್ದುದರಿಂದ ಅಮೆರಿಕಕ್ಕೆ ಅದು ದೊಡ್ಡ ಸುದ್ದಿಯಾಗಲಿಲ್ಲ. ಎರಡು ವರ್ಷ ಕಳೆದು ದಿಢೀರನೆ ನೆನಪಾಯಿತು. ಅವರದ್ದು ಬಿಡಿ, ಅವರ ಲೆಕ್ಕ ಅವರಿಗೆ. ನಮ್ಮ ಮಿಂಬರುಗಳು ಎಲ್ಲಿದ್ದವು? ಹಲಬ್ಜಾಕ್ಕಾಗಿ ದುಆ ಮಾಡಿದ್ದನ್ನು ನಾವು ಚಿಕ್ಕವರಿದ್ದಾಗ ಯಾವ ಮಸೀದಿಯಲ್ಲೂ ಕೇಳಿದ ನೆನಪಿಲ್ಲ. ಚಾ ಹೋಟೆಲಿನ ಫೋಟೋ ನೆನಪಿದೆ.

ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯ ಬಿಡುವಂತೆ ಮಾಡಬಾರದು ಎಂದು ಅಲ್ ಮಾಇದಃ ಅಧ್ಯಾಯದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ. ದ್ವೇಷದಂತೆ ಪ್ರೀತಿಯೂ ನ್ಯಾಯ ಬಿಡಿಸುತ್ತದೆ. ಅಮೆರಿಕವನ್ನು ಬೈಯುವವರೆಲ್ಲ ನಮ್ಮವರು ಎಂಬ ಲೆಕ್ಕ ನಮ್ಮ ಯುವಕರಲ್ಲಿದೆ. 2003ರ ಫೆಬ್ರವರಿ 5ರಂದು ವಿಶ್ವಸಂಸ್ಥೆಯಲ್ಲಿ ಕಾಲಿನ್ ಪವೆಲ್ ಇರಾಕಿನ ಸಾಮೂಹಿಕ ನಾಶಕ ಅಸ್ತ್ರಗಳ ಬಗ್ಗೆ ಹೇಳಿದ್ದು ಸುಳ್ಳಾಯಿತು, ಆ ಅಸ್ತ್ರಗಳು ಸಿಗಲೇ ಇಲ್ಲ, ಲಕ್ಷಾಂತರ ಜೀವ ಹೋಯಿತು. ಅದನ್ನು ಮರೆಯಬೇಕೆಂದು ನಾವು ಹೇಳುವುದಿಲ್ಲ. ಆದರೆ ಅದನ್ನೇ ನೆನಪಿಸಿ, ನಾವು ಹಾಗಲ್ಲ ಎನ್ನುತ್ತಾ ಬರುವವರ ಕೈ ನೋಡಬೇಡವೇ? ರಶ್ಯಾ ಗ್ರೋಝ್ನಿ ನಗರವನ್ನು ಏನು ಮಾಡಿತು? ಚೀನಾ ಶಿನ್‌ಜಿಯಾಂಗಿನಲ್ಲಿ ಉಯಿಗುರ್ ಮುಸ್ಲಿಮರನ್ನು ಕೂಡಿಹಾಕಿ, ಅದು ವೃತ್ತಿ ತರಬೇತಿ ಕೇಂದ್ರ ಎಂದಿತು. 2019ರ ಜುಲೈಯಲ್ಲಿ 22 ದೇಶಗಳು ಚೀನಾವನ್ನು ಟೀಕಿಸಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಗೆ ಪತ್ರ ಬರೆದವು. ಅವುಗಳಲ್ಲಿ ಒಂದೂ ಮುಸ್ಲಿಂ ಬಹುಸಂಖ್ಯಾತ ದೇಶವಿರಲಿಲ್ಲ. ನಾಲ್ಕು ದಿನಗಳೊಳಗೆ 37 ದೇಶಗಳು ಚೀನಾವನ್ನು ಹೊಗಳಿ ಪತ್ರ ಬರೆದವು. ಅದರಲ್ಲಿ ಸೌದಿ ಅರೇಬಿಯ ಇತ್ತು, ಪಾಕಿಸ್ತಾನ ಇತ್ತು, ಈಜಿಪ್ಟ್ ಇತ್ತು. ಉಯಿಗುರರ ಬಗ್ಗೆ ಗಟ್ಟಿಯಾಗಿ ಮಾತಾಡುವ ದೇಶಗಳಲ್ಲಿ ಕೆಲವು ಗಾಝಾದ ವಿಷಯ ಬಂದಾಗ ಬಾಯಿ ಮುಚ್ಚುತ್ತವೆ. ಗಾಝಾದ ವಿಷಯದಲ್ಲಿ ಗಟ್ಟಿಯಾಗಿ ಮಾತಾಡುವ ಚೀನಾಕ್ಕೆ ಉಯಿಗುರರ ಹೆಸರು ಎತ್ತುವಂತಿಲ್ಲ. ಮರ್ದಿತನ ಕಣ್ಣೀರು ಎರಡೂ ಕಡೆ ನಿಜ, ಅದನ್ನು ತೋರಿಸುವವರ ಲೆಕ್ಕಾಚಾರ ಬೇರೆ.

ಬಿಬಿಸಿ ಮೊತ್ತಮೊದಲು ಪರಭಾಷೆಯಲ್ಲಿ ರೇಡಿಯೋ ಶುರು ಮಾಡಿದ್ದು ಅರಬಿಯಲ್ಲಿ, 1938ರಲ್ಲಿ. ಮುಸೊಲಿನಿಯ ಇಟಲಿ ಆಗಲೇ ಅರಬಿ ರೇಡಿಯೋ ನಡೆಸುತ್ತಿತ್ತು, ಅದಕ್ಕೆ ಉತ್ತರವಾಗಿ. ನಮ್ಮ ಕಾಲದಲ್ಲಿ ಅದೇ ಆಟ ಟಿ.ವಿ.ಗೆ ಬಂತು. 2003ರಲ್ಲಿ ಇರಾನಿನ ಅರಬಿ ಚಾನೆಲ್, 2004ರಲ್ಲಿ ಅಮೆರಿಕದ್ದು, 2007ರಲ್ಲಿ ರಶ್ಯಾದ್ದು, 2009ರಲ್ಲಿ ಚೀನಾದ್ದು. ನಮಗೆ ಅರಬಿ ಕಲಿಸಲು ಉಸ್ತಾದರು ಎಷ್ಟು ಕಷ್ಟಪಟ್ಟರು, ಇವರು ಎಷ್ಟು ಸುಲಭದಲ್ಲಿ ಕಲಿತುಬಿಟ್ಟರು ಎಂದು ಒಮ್ಮೊಮ್ಮೆ ನಗು ಬರುತ್ತದೆ. ಈಗ ಅವರ ತುಣುಕುಗಳು ಕನ್ನಡ, ಮಲಯಾಳಂ, ಉರ್ದು ಬರಹ ಅಂಟಿಸಿಕೊಂಡು ನಮ್ಮ ಜಮಾಅತ್ತಿನ ಗ್ರೂಪಿಗೇ ಬರುತ್ತವೆ. ಯಾರ ಅಡುಗೆಮನೆಯಿಂದ ಬಂತೆಂದು ಗೊತ್ತಾಗುವುದಿಲ್ಲ, ನಾವು ಬಡಿಸುತ್ತಾ ಹೋಗುತ್ತೇವೆ.

ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬರ್ಥದ ಹದೀಸನ್ನು ಇಮಾಮ್ ಮುಸ್ಲಿಮರು ದಾಖಲಿಸಿದ್ದಾರೆ. ಇದರಲ್ಲಿ ಮಿಂಬರಿಗೆ ರಿಯಾಯಿತಿ ಇಲ್ಲ. ಇನ್ನು ಮುಂದೆ ದೂರ ದೇಶದ ಸುದ್ದಿಯನ್ನು ಜುಮಾದಲ್ಲಿ ಹೇಳುವ ಮೊದಲು ಕನಿಷ್ಠ ಒಂದು ವಾರ ಬಿಡುವುದೆಂದು ನಾವು ತೀರ್ಮಾನಿಸಿದ್ದೇವೆ. ತಡವಾಯಿತೆಂದು ನೀವು ಬೇಸರಿಸಬಾರದು. ವಾರದಲ್ಲಿ ನಿಜ ಹಳತಾಗುವುದಿಲ್ಲ. ಅಂದು ಬಂದ ಹುಡುಗನೂ ಅವನ ಇಬ್ಬರು ಸ್ನೇಹಿತರೂ ಚಿತ್ರ, ವಿಡಿಯೋ ಯಾವ ವರ್ಷದ್ದು, ಎಲ್ಲಿಯದು ಎಂದು ಹುಡುಕುವ ವಿಧಾನವನ್ನು ಆದಿತ್ಯವಾರ ಮಗ್ರಿಬ್ ಬಳಿಕ ಮದ್ರಸ ಹಾಲಿನಲ್ಲಿ ತೋರಿಸಿಕೊಡುತ್ತಾರೆ. ನಾವೂ ಕಲಿಯಲು ಕೂರುತ್ತೇವೆ. ಹಿರಿಯರೂ ಬನ್ನಿ, ಹುಡುಗರಿಂದ ಕಲಿಯುವುದರಲ್ಲಿ ಮಾನ ಹೋಗುವುದಿಲ್ಲ. ಗ್ರೂಪಿನಲ್ಲಿ ಬಂದ ಒಂದು ಫಾರ್ವರ್ಡಿನಿಂದ ಹುಡುಗರು ಠಾಣೆ ಹತ್ತಿದ ಊರುಗಳಿವೆ, ನೆರೆಮನೆಯವರೊಡನೆ ಮಾತು ಬಿಟ್ಟ ಮನೆಗಳಿವೆ. ತಂದೆತಾಯಂದಿರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೊನೆಯದಾಗಿ ಹಣದ ವಿಷಯ. ಅಂದು ಡಬ್ಬಿಯಲ್ಲಿ ಕೂಡಿದ್ದು 23,450 ರೂಪಾಯಿ. ಅದನ್ನು ಎಲ್ಲಿಗೂ ಕಳುಹಿಸಿಲ್ಲ, ಖಜಾಂಚಿಯವರ ಬಳಿ ಹಾಗೆಯೇ ಇದೆ. ನೀವು ಕೊಟ್ಟದ್ದು ನಮ್ಮ ಮಾತು ನಂಬಿ, ನಮ್ಮ ಮಾತು ತಪ್ಪಾಗಿತ್ತು. ಆದ್ದರಿಂದ ಹಿಂದಕ್ಕೆ ಬೇಕೆನ್ನುವವರು ಸಂಕೋಚವಿಲ್ಲದೆ ಈ ತಿಂಗಳ ಕೊನೆಯೊಳಗೆ ಖಜಾಂಚಿಯವರಲ್ಲಿ ಹೇಳಿ ಪಡೆದುಕೊಳ್ಳಬಹುದು, ಎಷ್ಟು ಹಾಕಿದಿರಿ ಎಂಬುದಕ್ಕೆ ನಿಮ್ಮ ಮಾತೇ ಸಾಕು. ಉಳಿದದ್ದನ್ನು ಏನು ಮಾಡಬೇಕೆಂದು ಕಮಿಟಿಯವರು ಕೇಳಿದ್ದಾರೆ. ನಮ್ಮ ಮಹಲ್ಲಿನಲ್ಲೇ ಡಯಾಲಿಸಿಸ್‌ಗೆ ಹೋಗುತ್ತಿರುವ ಎರಡು ಮನೆಗಳಿವೆ. ನೀವು ಒಪ್ಪುವುದಾದರೆ ಮುಂದಿನ ಶುಕ್ರವಾರ ನಮಾಝಿನ ಬಳಿಕ ಸ್ವಲ್ಪ ಹೊತ್ತು ಕುಳಿತು ತೀರ್ಮಾನಿಸೋಣ.